ಲೇಹ್‌ಗೆ ಹೋಗುವ ಮುಂಚೆ ಆ ಮಾತ್ರೆ ಬೇಕಾ?

ಮೇ ತಿಂಗಳು ಬಂತೆಂದರೆ ನನ್ನ ಮೆಡಿಕಲ್ ಸ್ಟೋರ್‌ನಲ್ಲಿ ಒಂದೇ ಪಲ್ಲವಿ. "ಲೇಹ್‌ಗೆ ಹೋಗ್ತಿದ್ದೀವಿ, ಒಂದು ಸ್ಟ್ರಿಪ್ ಡೈಮಾಕ್ಸ್ ಕೊಡಿ. ಆಕ್ಸಿಜನ್ ಜಾಸ್ತಿ ಮಾಡುತ್ತಂತೆ, ಅಲ್ವಾ?"

ಇಲ್ಲ ಸ್ವಾಮಿ. ಡೈಮಾಕ್ಸ್ ಎತ್ತರದ ಜಾಗದಲ್ಲಿ ತಲೆನೋವು, ವಾಂತಿ ಬಾರದಿರಲಿ ಎಂದು ನುಂಗುವ ಮಾತ್ರೆ. ಅದರಲ್ಲಿ ಆಕ್ಸಿಜನ್ ತುಂಬಿಟ್ಟಿಲ್ಲ. ಡಾಕ್ಟರ್ ಚೀಟಿ ಎಲ್ಲಿ ಅಂದರೆ ವಾಟ್ಸಾಪ್ ಮೆಸೇಜ್ ತೋರಿಸುತ್ತಾರೆ. ಸಲ್ಫಾ ಗುಂಪಿನ ಔಷಧಿಗೆ ಅಲರ್ಜಿ ಇದೆಯಾ, ಕಿಡ್ನಿಯಲ್ಲಿ ಕಲ್ಲಾಗಿತ್ತಾ ಎಂದು ಕೇಳಿದರೆ, "ಕೊಡೋಕೆ ಇಷ್ಟ ಇಲ್ಲ ಅಂದ್ರೆ ಹೇಳಿಬಿಡಿ" ಎಂಬ ಮುನಿಸು ಬೇರೆ.

ಒಮ್ಮೆ ಬರೆದುಬಿಡುತ್ತೇನೆ. ಮಾತ್ರೆಯಲ್ಲಿರುವುದು ಅಸೆಟಜೋಲಮೈಡ್. ನಮ್ಮ ಮೈಯಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಎಂಜೈಮ್ ಇದೆ. ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಸೇರಿ ಆಮ್ಲ, ಬೈಕಾರ್ಬೊನೇಟ್ ಆಗುವ ಕೆಲಸವನ್ನು ಅದು ಭಾರೀ ವೇಗದಲ್ಲಿ ಮಾಡಿಸುತ್ತದೆ. ಮೂತ್ರಕ್ಕೆ ಹೋಗಬೇಕಾದ ಬೈಕಾರ್ಬೊನೇಟನ್ನು ಕಿಡ್ನಿ ವಾಪಸ್ ಪಡೆಯುವುದೂ ಇದರ ಸಹಾಯದಿಂದಲೇ. ಮಾತ್ರೆ ಈ ಎಂಜೈಮನ್ನು ತಡೆಯುತ್ತದೆ.

ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿ ಆಕ್ಸಿಜನ್ ಸಾಲದೆ ಜೋರಾಗಿ ಉಸಿರಾಡುತ್ತೀರಿ. ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಹೊರಹೋಗಿ ರಕ್ತದಲ್ಲಿ ಕ್ಷಾರ ಏರುತ್ತದೆ. ಆಗ ಮಿದುಳು ಉಸಿರಾಟಕ್ಕೆ ಕಡಿವಾಣ ಹಾಕುತ್ತದೆ. ಕ್ಷಾರವಾದ ಬೈಕಾರ್ಬೊನೇಟ್ ಹೊರಹಾಕಿ ಇದನ್ನು ಸರಿಮಾಡಲು ಕಿಡ್ನಿಗೆ ಕೆಲವು ದಿನ ಬೇಕು. ಮಾತ್ರೆ ಆ ಕೆಲಸವನ್ನು ಬೇಗ ಶುರುಮಾಡಿಸುತ್ತದೆ, ಅಷ್ಟೇ. ಅದಕ್ಕೇ ಏರುವ ಹಿಂದಿನ ದಿನವೇ ಶುರು ಮಾಡುವುದು. ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಎಲ್ಲರಿಗೂ ಬೇಕಿಲ್ಲ. ಡಾಕ್ಟರ್ ಹೇಳಲಿ. ಮೇಲೆ ಹೋದಮೇಲೆ ತಲೆನೋವು, ವಾಂತಿ ಏರುತ್ತಲೇ ಇದ್ದರೆ ಕೆಳಗಿಳಿಯಬೇಕು. ಮಾತ್ರೆ ನುಂಗಿ ಮುಂದೆ ಹತ್ತುವುದಲ್ಲ.

ಒಬ್ಬ ಹುಡುಗ ಲಡಾಖ್‌ನಿಂದ ಬಂದವನೇ ಅಂಗಡಿಯಲ್ಲಿ ಜಗಳಕ್ಕೆ ನಿಂತ. "ಡೂಪ್ಲಿಕೇಟ್ ಕೊಟ್ಟಿದ್ದೀರಿ. ಬೆರಳೆಲ್ಲ ಜುಮ್ ಅಂತಿತ್ತು. ಪೆಪ್ಸಿ ಕುಡಿದ್ರೆ ಸಪ್ಪೆ." ಅಯ್ಯಾ, ಅಸಲಿ ಅನ್ನುವುದಕ್ಕೆ ಅದೇ ಸಾಕ್ಷಿ! ಹುಳಿ ಗುರುತಿಸುವ ನಾಲಿಗೆಯ ಕೋಶಗಳ ಮೇಲೂ ಇದೇ ಎಂಜೈಮ್ ಇದೆ. ಸೋಡಾದ ಗ್ಯಾಸನ್ನು ಅಲ್ಲೇ ಆಮ್ಲ ಮಾಡಿ ಆ ಚುರುಕು ರುಚಿ ಕೊಡುವುದು ಅದು. ಅದನ್ನು ತಡೆದರೆ ಗೋಲಿಸೋಡಾನೂ ಸಪ್ಪೆಯೇ. ಅವನು ನಂಬಲಿಲ್ಲ. ಬಿಲ್ ಕೇಳಿದೆ, ಅದೂ ಇರಲಿಲ್ಲ.

ಇಷ್ಟೆಲ್ಲ ಕೇಳುವವರು ಒಂದು ಪ್ರಶ್ನೆ ಮಾತ್ರ ಕೇಳುವುದಿಲ್ಲ. ಬೆಟ್ಟ ಹತ್ತದ ಅಜ್ಜಿಗೂ ಇದೇ ಮಾತ್ರೆ ಯಾಕೆ? ಇದು ಬೆಟ್ಟದವರಿಗಿಂತ ಮೊದಲು ಕಣ್ಣಿನ ರೋಗಿಗಳ ಮಾತ್ರೆ. ಕಣ್ಣಿನೊಳಗಿನ ಪ್ರೆಶರ್ ಏರಿ ನೋಟ ಕುಂದುವ ಗ್ಲಾಕೋಮಾಗೆ 1954ರಿಂದಲೇ ಬಳಕೆಯಲ್ಲಿದೆ. ಕಣ್ಣಿನೊಳಗೆ ಒಂದು ನೀರು ಸದಾ ಊರುತ್ತಿರುತ್ತದೆ. ಅದು ಊರಲು ಬೈಕಾರ್ಬೊನೇಟ್ ಬೇಕು. ಎಂಜೈಮ್ ನಿಂತರೆ ನೀರು ಕಡಿಮೆ, ಕಣ್ಣಿನ ಪ್ರೆಶರ್ ಕಡಿಮೆ. ಮಿದುಳಿನ ಸುತ್ತಲಿನ ನೀರಿಗೂ ಇದೇ ಲೆಕ್ಕ. ಕಾರಣ ಗೊತ್ತಿಲ್ಲದೆ ತಲೆಯೊಳಗಿನ ಒತ್ತಡ ಏರಿ ನೋಟ ಮಂಜಾಗುವ ಕಾಯಿಲೆಗೆ, ಕೆಲವು ಬಗೆಯ ಫಿಟ್ಸ್‌ಗೂ ಕೊಡುತ್ತಾರೆ.

ಆದರೆ ಕಣ್ಣಿಗೆಂದು ಮಾತ್ರೆ ನುಂಗಿದರೆ ಇಡೀ ಮೈಗೆ ತೊಂದರೆ. ಸುಸ್ತು, ಪದೇ ಪದೇ ಮೂತ್ರ, ಪೊಟ್ಯಾಶಿಯಂ ಇಳಿಕೆ. ಕಣ್ಣಿಗೇ ಹಾಕುವ ಡ್ರಾಪ್ಸ್ ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಡಾರ್ಜೋಲಮೈಡ್, ಆಮೇಲೆ ಬ್ರಿಂಜೋಲಮೈಡ್. ಡ್ರಾಪ್ಸ್ ಹಾಕಿದ ಮೇಲೆ ಬಾಯಿ ಕಹಿಯಾದರೆ ಹೆದರಬೇಡಿ, ಕಣ್ಣಿಂದ ಮೂಗಿಗೆ, ಗಂಟಲಿಗೆ ಇಳಿದಿರುತ್ತದೆ. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿಹಿಡಿಯಿರಿ.