ಉಸಿರಿಲ್ಲದ ನನ್ನ ದನಿ

ಆ ದಿನ ಬೆಳಿಗ್ಗೆ ನಾನು ಒಂದು ಸಂಸ್ಥೆಯ ಸಹಾಯವಾಣಿಗೆ ಕರೆ ಮಾಡಿದ್ದು ವಿಳಾಸ ಬದಲಾಯಿಸುವ ಸಣ್ಣ ಕೆಲಸಕ್ಕೆ. ಅಲ್ಲಿ ಕರೆ ಮಾಡಿದವರಿಗೆ ಕೇಳಿಸುವ ದನಿ ನನ್ನದೇ. ಭಾಷೆ ಆಯ್ಕೆ ಮಾಡಿ, ಒಂದನ್ನು ಒತ್ತಿ, ದಯವಿಟ್ಟು ಕಾಯಿರಿ ಎಂಬ ಸೂಚನೆಗಳನ್ನೆಲ್ಲ ಆರು ವರ್ಷಗಳ ಹಿಂದೆ ನಾನೇ ಓದಿಕೊಟ್ಟಿದ್ದೆ. ಅವು ಬಾಯಿಪಾಠವಾಗಿದ್ದರಿಂದ ಅತ್ತ ಗಮನ ಕೊಡದೆ ಪೆನ್ನು ಹುಡುಕುತ್ತಿದ್ದೆ. ಆಗ ನನ್ನ ದನಿ ಹೇಳಿತು: “ಮುಖ ಗುರುತಿನ ಮೂಲಕ ಖಾತೆ ಪರಿಶೀಲಿಸಲು ನಾಲ್ಕನ್ನು ಒತ್ತಿ.”

ಈ ವಾಕ್ಯವನ್ನು ನಾನು ಎಂದೂ ಓದಿರಲಿಲ್ಲ.

ಕರೆ ಕತ್ತರಿಸಿ ಮತ್ತೆ ಮಾಡಿದೆ. ಮೂರನೆಯ ಸಲ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ದನಿ ನನ್ನದೇ, ಅನುಮಾನವಿಲ್ಲ. ಫೋನಿನಲ್ಲಿ ‘ಖ’ ಜೋರಾದರೆ ಮೈಕಿಗೆ ಊದಿದ ಹಾಗೆ ಕೇಳಿಸುತ್ತದೆ. ಅದಕ್ಕಾಗಿ ಮಹಾಪ್ರಾಣವನ್ನು ತುಸುವೇ ಮುಟ್ಟಿಸಿ ಬಿಡುವುದನ್ನು ನಾನು ವರ್ಷಗಟ್ಟಲೆ ರೂಢಿ ಮಾಡಿಕೊಂಡಿದ್ದೇನೆ. ‘ಮುಖ’ದಲ್ಲೂ ‘ಖಾತೆ’ಯಲ್ಲೂ ಆ ರೂಢಿ ಹಾಗೆಯೇ ಇತ್ತು. ಇಲ್ಲದೇ ಇದ್ದದ್ದು ಉಸಿರು. ಸ್ವಚ್ಛಗೊಳಿಸಿದ ಫೈಲಿನಲ್ಲಿ ಉಸಿರಿನ ಸದ್ದನ್ನು ಕತ್ತರಿಸಿರುತ್ತಾರೆ, ಸರಿ. ಆದರೆ ಉಸಿರು ತುಂಬಿಕೊಂಡು ಹೊರಟದ್ದು ಮೊದಲ ಅಕ್ಷರದಲ್ಲಿ ತಿಳಿಯುತ್ತದೆ, ಅದು ತೀರುತ್ತಾ ಬಂದದ್ದು ಕೊನೆಯ ಅಕ್ಷರದಲ್ಲಿ ತಿಳಿಯುತ್ತದೆ. ಇಲ್ಲಿ ‘ಮುಖ’ ಎನ್ನುವಾಗ ಎಷ್ಟು ಗಾಳಿಯಿತ್ತೋ ‘ಒತ್ತಿ’ ಎನ್ನುವಾಗಲೂ ಅಷ್ಟೇ ಇತ್ತು. ಬದುಕಿರುವ ಯಾರೂ ಹಾಗೆ ಮಾತನಾಡುವುದಿಲ್ಲ.

ಕೈ ನಡುಗುತ್ತಿತ್ತು. ಸಿಟ್ಟಿಗಿಂತ ಮೊದಲು ಬಂದದ್ದು ಭಯ. ನನ್ನ ದನಿ ಇನ್ನೂ ಎಲ್ಲೆಲ್ಲಿ, ಏನೇನು ಹೇಳುತ್ತಿರಬಹುದು?

ಆ ಸೂಚನೆಗಳನ್ನು ಓದಿದ ನಾಲ್ಕು ದಿನಗಳು ನನಗೆ ಚೆನ್ನಾಗಿ ನೆನಪಿವೆ. ಸಹಾಯವಾಣಿಯ ಕೆಲಸ ಹೊರಗಿನವರಿಗೆ ಸುಲಭವಾಗಿ ಕಾಣುತ್ತದೆ. ಅಂಕಿಗಳನ್ನೇ ತೆಗೆದುಕೊಳ್ಳಿ. ಪ್ರತಿಯೊಂದನ್ನೂ ಮೂರು ರಾಗದಲ್ಲಿ ಓದಬೇಕು: ಸಂಖ್ಯೆಯ ಮೊದಲಿಗೆ ಬಂದರೆ ಒಂದು, ನಡುವೆ ಬಂದರೆ ಒಂದು, ಕೊನೆಯಲ್ಲಿ ದನಿ ಇಳಿಯಬೇಕಾದಾಗ ಇನ್ನೊಂದು. ಖಾತೆಯ ಸಂಖ್ಯೆಯನ್ನು ಯಂತ್ರ ಜೋಡಿಸಿ ಹೇಳುವಾಗ ಒಂದೇ ಉಸಿರಿನಲ್ಲಿ ಹೇಳಿದಂತೆ ಕೇಳಿಸಲಿ ಎಂದು ಈ ಏರ್ಪಾಡು. ಬೆಳಗಿನ ದನಿ ಸಂಜೆಯ ದನಿಗೆ ಹೊಂದುವುದಿಲ್ಲವೆಂದು ನಾಲ್ಕೂ ದಿನ ಒಂದೇ ಹೊತ್ತಿಗೆ ಕುಳಿತು, ಮೈಕಿನಿಂದ ಒಂದು ಗೇಣು ದೂರ ಅಳೆದು ಓದಿದ್ದೆ.

ಹೀಗೆ ತುಂಡು ತುಂಡಾಗಿ ದನಿ ಸಂಗ್ರಹಿಸಿ ಜೋಡಿಸುವ ಪದ್ಧತಿ ಹಳೆಯದು. ಅಮೆರಿಕದ ಧ್ವನಿ ಕಲಾವಿದೆ ಸೂಸನ್ ಬೆನೆಟ್ 2005ರ ಜುಲೈ ತಿಂಗಳಿಡೀ ದಿನಕ್ಕೆ ನಾಲ್ಕು ಗಂಟೆಯಂತೆ ಅರ್ಥವಿಲ್ಲದ ವಾಕ್ಯಗಳನ್ನು ಓದಿದ್ದರು; ಅಕ್ಷರಗಳ ಎಲ್ಲ ಕೂಡಿಕೆಗಳೂ ಸಿಗಲಿ ಎಂಬುದಷ್ಟೇ ಅದರ ಉದ್ದೇಶ. 2011ರ ಅಕ್ಟೋಬರ್‌ನಲ್ಲಿ ಐಫೋನ್‌ನೊಳಗೆ ಸಿರಿ ಎಂಬ ಸಹಾಯಕ ತಂತ್ರಾಂಶ ಮಾತನಾಡಲು ತೊಡಗಿದಾಗ, ಅದು ತಮ್ಮ ದನಿ ಎಂದು ಅವರಿಗೆ ಗೊತ್ತಾದದ್ದು ಸಹ ಕಲಾವಿದರೊಬ್ಬರು ಬರೆದು ಕೇಳಿದ ಮೇಲೆ. ಈ ಸಂಗತಿಯನ್ನು ಎಷ್ಟೋ ಸಲ ಹೊಸಬರಿಗೆ ಹೇಳಿದ್ದೆ, ದೂರದ ಯಾರದೋ ಕಥೆಯೆಂಬಂತೆ. ಅಷ್ಟರಲ್ಲಿ ತಂತ್ರಜ್ಞಾನವೂ ಬದಲಾಗಿತ್ತು. 2016ರಲ್ಲಿ ಗೂಗಲ್ ಬಳಗದ ಡೀಪ್‌ಮೈಂಡ್ ಕಂಪನಿ ಪ್ರಕಟಿಸಿದ ವೇವ್‌ನೆಟ್ ಎಂಬ ಮಾತಿನ ತಂತ್ರಾಂಶ ತುಂಡುಗಳನ್ನು ಜೋಡಿಸಲೇ ಇಲ್ಲ; ಸೆಕೆಂಡಿಗೆ 16,000 ಬಿಂದುಗಳಂತೆ ಧ್ವನಿತರಂಗವನ್ನೇ ಬಿಂದು ಬಿಂದುವಾಗಿ ಹುಟ್ಟಿಸಿತು. ಈಗ ತಿಂಗಳಿಡೀ ಓದಿಸಬೇಕಾಗಿಲ್ಲ. ಕೆಲವೇ ನಿಮಿಷಗಳ ಮಾದರಿ ಸಾಕು. ನಾನು ಕೊಟ್ಟದ್ದು ನಾಲ್ಕು ದಿನಗಳ ದನಿ.

ಹಳೆಯ ಮಿಂಚಂಚೆಗಳನ್ನು ತೆರೆದು ಕರಾರುಪತ್ರ ಹುಡುಕಿದೆ. ಕರಾರುಪತ್ರವೇ ಇರಲಿಲ್ಲ. ಇದ್ದದ್ದು ನನ್ನ ಬಿಲ್ಲು, ಮತ್ತು ಅವರು ಕಳಿಸಿದ್ದ ನಾಲ್ಕು ಸಾಲಿನ ಒಪ್ಪಿಗೆ ಪತ್ರ. ಅದರ ಕೊನೆಯ ಸಾಲು: ಈಗ ಇರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಲ್ಲಿ, ಶಾಶ್ವತವಾಗಿ. ಕೆಳಗೆ ನನ್ನ ಉತ್ತರ, “ಒಪ್ಪಿಗೆ ಇದೆ, ಧನ್ಯವಾದ.” ಆಗ ನಾನು ಈ ವೃತ್ತಿಗೆ ಬಂದು ಎರಡು ವರ್ಷವಾಗಿತ್ತು. ಕೆಲಸ ಸಿಕ್ಕಿತೆಂಬ ಸಂತೋಷದಲ್ಲಿ ‘ಮುಂದೆ ಬರಬಹುದಾದ’ ಎಂಬ ಮಾತಿನ ಮೇಲೆ ಕಣ್ಣು ನಿಂತಿರಲಿಲ್ಲ.

ಸಂಸ್ಥೆಯ ವ್ಯವಸ್ಥಾಪಕರಿಗೆ ಕರೆ ಮಾಡಿದೆ. ಅವರು ಒಳ್ಳೆಯವರು, ನನ್ನ ಬಿಲ್ಲನ್ನು ಎಂದೂ ತಡ ಮಾಡಿದವರಲ್ಲ.

“ಮೇಡಂ, ಬೇರೆ ಯಾರಿಂದಲೂ ಓದಿಸಿಲ್ಲ. ನಿಮ್ಮ ಫೈಲುಗಳನ್ನೇ ಬಳಸಿದ್ದೇವೆ,” ಎಂದರು.

“ಆ ವಾಕ್ಯವನ್ನು ನಾನು ಓದಿಲ್ಲ ಸರ್.”

“ಒಂದೇ ಸಾಲು ಮೇಡಂ. ಅಷ್ಟಕ್ಕೆ ನಿಮಗೆ ತೊಂದರೆ ಕೊಡುವುದು ಬೇಡ ಎಂದು ತಂಡದವರು ಅಲ್ಲೇ ಮಾಡಿಕೊಂಡರು.”

ಅವರ ಮಾತಿನಲ್ಲಿ ಕಪಟವಿರಲಿಲ್ಲ. ನನಗೆ ಹೆಚ್ಚು ನೋವಾದದ್ದು ಅದರಿಂದಲೇ. ನನ್ನ ಮಟ್ಟಿಗೆ ಆ ಫೈಲು ನಾನು ಓದಿದ ವಾಕ್ಯಗಳು. ಅವರ ಮಟ್ಟಿಗೆ ಅದು ಒಮ್ಮೆ ಕೊಂಡ ಸಾಮಾನು. ಹೊಸ ಸಾಲು ಬೇಕಾದರೆ ನನ್ನನ್ನು ಕೇಳಿ, ಅರ್ಧ ಗಂಟೆಯಲ್ಲಿ ಓದಿ ಕಳಿಸುತ್ತೇನೆ ಎಂದೆ. ಮೇಲಿನವರ ಜೊತೆ ಮಾತನಾಡಿ ತಿಳಿಸುತ್ತೇನೆ ಎಂದರು. ಮೂರು ತಿಂಗಳ ನಂತರ ಆ ಸಹಾಯವಾಣಿಯಿಂದ ನನ್ನ ದನಿ ಪೂರ್ತಿಯಾಗಿ ಹೋಯಿತು, ಅದರ ಜಾಗಕ್ಕೆ ಯಾರದ್ದೂ ಅಲ್ಲದ ಸಿದ್ಧ ದನಿ ಬಂತು. ಆ ಸಂಸ್ಥೆಯಿಂದ ನನಗೆ ಮತ್ತೆ ಕೆಲಸ ಬರಲಿಲ್ಲ.

ನಾನು ಸಹಾಯವಾಣಿಗೆ ಕರೆ ಮಾಡಿದ ದಿನವೇ ಸಂಜೆ ನಾಲ್ಕಕ್ಕೆ ಒಂದು ರೆಕಾರ್ಡಿಂಗ್ ಇತ್ತು. ಮುಂದೂಡೋಣ ಎನ್ನಿಸಿತು, ಆದರೆ ವೈದ್ಯರೊಬ್ಬರು ತಮ್ಮ ಕೆಲಸದ ನಡುವೆ ಹೊತ್ತು ಮಾಡಿಕೊಂಡಿದ್ದರು. ತೀವ್ರ ನಿಗಾ ಘಟಕದ ಹೊರಗೆ ಕಾಯುವ ಮನೆಯವರಿಗಾಗಿ ಅವರೇ ಬರೆದ ಹನ್ನೆರಡು ನಿಮಿಷಗಳ ವಿವರಣೆ. ಒಳಗೆ ಕಾಣುವ ಕೊಳವೆಗಳು ಯಾವುವು, ಯಂತ್ರ ಸದ್ದು ಮಾಡಿದಾಗಲೆಲ್ಲ ಅಪಾಯವೆಂದೇ ಅರ್ಥವಲ್ಲ, ಕೈ ತೊಳೆದುಕೊಂಡೇ ಏಕೆ ಒಳಗೆ ಬರಬೇಕು, ಇಂಥ ಸಂಗತಿಗಳು.

ನನ್ನ ಸ್ಟುಡಿಯೊ ಎಂದರೆ ಒಂದು ಪುಟ್ಟ ಕೋಣೆ. ಗೋಡೆಗೆ ದಪ್ಪ ಕಂಬಳಿ, ಮೂಲೆಗಳಲ್ಲಿ ಫೋಮು. ಫ್ಯಾನು ನಿಲ್ಲಿಸಿ, ಮೊಬೈಲನ್ನು ಹೊರಗಿಟ್ಟು ಬಾಗಿಲು ಹಾಕಿದರೆ ರೆಕಾರ್ಡಿಂಗಿನಲ್ಲಿ ಹಿನ್ನೆಲೆ ಸದ್ದಿನ ಮಟ್ಟ ಮೈನಸ್ 60 ಡೆಸಿಬೆಲ್‌ಗಿಂತ ಕೆಳಗಿಳಿಯುತ್ತದೆ. ಆಡಿಯೊ ಪುಸ್ತಕ ಪ್ರಕಟಿಸುವವರು ಕೇಳುವುದೂ ಅಷ್ಟನ್ನೇ. ಆ ಮೌನದಲ್ಲಿ ಬಾಯಿ ಒಣಗಿದ್ದು ಕೂಡ ಸದ್ದಾಗುತ್ತದೆ. ಅಂದು ನನ್ನ ಬಾಯಿ ಒಣಗಿತ್ತು. ಮೊದಲ ಪುಟವನ್ನು ಎರಡು ಸಲ ಓದಿ ಎರಡನ್ನೂ ಅಳಿಸಿದೆ. ಗಂಟಲು ಬಿಗಿದಿತ್ತು. ಪ್ರತಿ ವಾಕ್ಯ ಮುಗಿದಾಗಲೂ ಇದನ್ನು ಮುಂದೆ ಯಾವುದಕ್ಕೆ ಹೊಲಿಯುತ್ತಾರೋ ಎಂಬ ಯೋಚನೆ. ನೀರು ಕುಡಿದು, ನಿಂತುಕೊಂಡು, ಗಟ್ಟಿಯಾಗಿ ಆಕಳಿಸಿ ಮತ್ತೆ ಕುಳಿತೆ. ನಿಧಾನಕ್ಕೆ ಬರಹದೊಳಗೆ ಇಳಿದೆ.

ಒಂಬತ್ತನೆಯ ನಿಮಿಷದಲ್ಲಿ ಆ ವಾಕ್ಯ ಬಂತು: “ರೋಗಿಗೆ ನಿಮ್ಮ ಮಾತು ಕೇಳಿಸುತ್ತಿರಬಹುದು. ಹತ್ತಿರ ಕುಳಿತು ಮಾತನಾಡಿ.”

ಓದಿದೆ. ದೂರದಿಂದಲೇ ಕೇಳುತ್ತಿದ್ದ ವೈದ್ಯರು ನನ್ನ ಹೆಡ್‌ಫೋನಿನಲ್ಲಿ, “ಇದರಲ್ಲಿ ಅನುಮಾನ ಕೇಳಿಸುತ್ತಿದೆ,” ಎಂದರು. ನಿಜ, ‘ಬಹುದು’ ಎಂಬಲ್ಲಿ ದನಿ ಎಳೆದಿತ್ತು. ಎರಡನೆಯ ಸಲ ‘ಕೇಳಿಸುತ್ತಿರ’ ಎನ್ನುವುದಕ್ಕೆ ಒತ್ತು ಕೊಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಹಾಗೆ ಓದಿದರೆ ಭರವಸೆ ಕೊಟ್ಟ ಹಾಗಾಗುತ್ತದೆ. ನಾನು ಅವರಿಗೆ ಭರವಸೆ ಕೊಡಲಾರೆ. ಆದರೆ ಅವರು ಬಂದು, ಮೂಕರಂತೆ ಕುಳಿತು, ಎದ್ದು ಹೋಗುವುದು ಬೇಡ.”

ಮೂರು, ನಾಲ್ಕು, ಹತ್ತು. ಒಮ್ಮೆ ತೀರ ಮೆತ್ತಗಾಯಿತು, ಸಾವಿನ ಸುದ್ದಿ ಹೇಳುವಂತೆ. ಒಮ್ಮೆ ಜಾಹೀರಾತಿನಂತಾಯಿತು. ವೈದ್ಯರಿಗೆ ಎಲ್ಲಿ ಸರಿಯಿಲ್ಲ ಎಂಬುದು ಪ್ರತಿ ಸಲವೂ ತಿಳಿಯುತ್ತಿತ್ತು, ಸರಿ ಮಾಡುವುದು ಹೇಗೆಂದು ಹೇಳಲು ಬರುತ್ತಿರಲಿಲ್ಲ. ಆ ಪಾಲು ನನ್ನದು. ಕಾಗದವನ್ನು ಬದಿಗಿಟ್ಟು, ಬಾಗಿಲಿನ ಹೊರಗೆ ನಾನೇ ಕಾಯುತ್ತಿದ್ದರೆ ಏನು ಕೇಳಬೇಕಾಗಿರುತ್ತಿತ್ತು ಎಂದು ಯೋಚಿಸಿದೆ. ಹದಿನೇಳನೆಯ ಸಲ ಒತ್ತು ‘ನಿಮ್ಮ’ ಎಂಬ ಪದಕ್ಕೆ ಹೋಯಿತು. ರೋಗಿಗೆ *ನಿಮ್ಮ* ಮಾತು. ಅದು ಹಾಗೆ ಹೋದದ್ದೇ ತಡ, ‘ಕೇಳಿಸುತ್ತಿರಬಹುದು’ ತನ್ನಷ್ಟಕ್ಕೆ ಹಗುರಾಯಿತು. ಅದರಲ್ಲಿ ಅನುಮಾನವೂ ಉಳಿಯಲಿಲ್ಲ, ಭರವಸೆಯೂ ಉಳಿಯಲಿಲ್ಲ. ಆ ಕಡೆ ಸದ್ದಿಲ್ಲ. ಆಮೇಲೆ, “ಇದೇ,” ಎಂದರು. ತಕ್ಷಣ ಸೇರಿಸಿದರು: “ಅದಕ್ಕೆ ಮುಂಚೆ ನೀವು ಉಸಿರು ಎಳೆದುಕೊಂಡಿರಿ. ಅದನ್ನು ತೆಗೆಯಬೇಡಿ.”

ಉಸಿರನ್ನು ತಾನಾಗಿ ಹುಡುಕಿ ಕತ್ತರಿಸುವ ತಂತ್ರಾಂಶ ನನ್ನ ಬಳಿ ಇದೆ. ಆ ಸಂಜೆ ಅದನ್ನು ಬಳಸದೆ ಹನ್ನೆರಡು ನಿಮಿಷಗಳನ್ನೂ ಕಿವಿಯಿಂದಲೇ ಸಂಕಲನ ಮಾಡಿದೆ. ಫೈಲಿನ ಜೊತೆಗೆ ಮೊದಲ ಬಾರಿಗೆ ಒಂದು ಪುಟ ಬರೆದು ಕಳಿಸಿದೆ. ಈ ಧ್ವನಿಮುದ್ರಣವನ್ನು ಎಲ್ಲಿ, ಯಾವ ಮಾಧ್ಯಮದಲ್ಲಿ, ಎಷ್ಟು ಕಾಲ ಬಳಸಬಹುದು. ದನಿಯ ನಕಲು ತಯಾರಿಸಲು ಅಥವಾ ಯಂತ್ರಕ್ಕೆ ತರಬೇತಿ ಕೊಡಲು ಬಳಸುವಂತಿಲ್ಲ. ಒಂದು ಸಾಲು ಬದಲಾದರೂ ನನ್ನನ್ನೇ ಕೇಳಬೇಕು. ವೈದ್ಯರು ಒಂದು ತಕರಾರೂ ಮಾಡದೆ ಸಹಿ ಹಾಕಿದರು.

ಎಲ್ಲರೂ ಹಾಗೆ ಹಾಕಲಿಲ್ಲ. ಆ ವರ್ಷ ನನಗೆ ಕಾಯಂ ಕೆಲಸ ಕೊಡುತ್ತಿದ್ದವರು ಹನ್ನೊಂದು ಮಂದಿ. ಆ ಪುಟ ಕಳಿಸಿದ ಮೇಲೆ ನಾಲ್ವರು ಉತ್ತರವನ್ನೇ ಬರೆಯಲಿಲ್ಲ. ಸಿಬ್ಬಂದಿ ತರಬೇತಿಯ ಪಾಠಗಳನ್ನು ಓದಿಸುತ್ತಿದ್ದವರು ಯಂತ್ರದ ದನಿಗೆ ಹೋದರು. ಆ ಕೆಲಸ ಮರಳಿ ಬಂದಿಲ್ಲ, ಬರುವುದೂ ಇಲ್ಲವೆಂದೇ ನನ್ನ ಅಂದಾಜು. ಅದರಲ್ಲಿ ಬಹುಪಾಲನ್ನು ಯಂತ್ರ ಸಾಕಷ್ಟು ಚೆನ್ನಾಗಿಯೇ ಓದುತ್ತದೆ. ಯಂತ್ರ ಓದಿದ್ದನ್ನು ಕೇಳಿ ತಪ್ಪು ಗುರುತಿಸುವ ಕೆಲಸವೊಂದು ಬಂದಾಗ ದುಡ್ಡಿನ ಅಗತ್ಯವಿದ್ದುದರಿಂದ ಒಪ್ಪಿಕೊಂಡೆ. ‘ಕಿ.ಮೀ.’ ಎಂಬುದನ್ನು ಅಕ್ಷರ ಬಿಡಿಸಿ ಓದಿದೆ, ಇಸವಿಯನ್ನು ಬಿಡಿ ಅಂಕಿಗಳಾಗಿ ಓದಿದೆ ಎಂದು ಪಟ್ಟಿ ಮಾಡುವುದು. ಎರಡು ವಾರಗಳಲ್ಲಿ ನನ್ನ ಓದೇ ಸಪಾಟಾಗತೊಡಗಿತು. ದಿನವಿಡೀ ಕಿವಿಗೆ ಬಿದ್ದದ್ದು ಬಾಯಿಗೂ ಬರುತ್ತದೆ. ಬಿಟ್ಟುಬಿಟ್ಟೆ.

ಹೊರಗೆ ಏನಾಗುತ್ತಿದೆ ಎಂಬುದರ ಮೇಲೆ ಆಗಿನಿಂದ ಕಣ್ಣಿಟ್ಟೆ. ಕೆನಡಾದ ಕಲಾವಿದೆ ಬೆವ್ ಸ್ಟ್ಯಾಂಡಿಂಗ್, ಬೇರೆ ಕೆಲಸಕ್ಕೆಂದು ಓದಿಕೊಟ್ಟ ತಮ್ಮ ದನಿಯನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು 2021ರಲ್ಲಿ ಟಿಕ್‌ಟಾಕ್ ಮೇಲೆ ದಾವೆ ಹೂಡಿದ್ದರು. ಅದೇ ವರ್ಷ ಅದು ರಾಜಿಯಲ್ಲಿ ಮುಗಿದಿತ್ತು. ಅಮೆರಿಕದ ನಟರ ಸಂಘ 2023ರಲ್ಲಿ 118 ದಿನ ಮುಷ್ಕರ ಹೂಡಿತು. ವಿಡಿಯೊ ಗೇಮ್‌ಗಳಿಗೆ ದನಿ ಕೊಡುವವರು 2024ರ ಜುಲೈಯಲ್ಲಿ ಹೂಡಿದ ಮುಷ್ಕರ ಸುಮಾರು ಹನ್ನೊಂದು ತಿಂಗಳು ನಡೆಯಿತು, ಅದರಲ್ಲಿ ಮುಖ್ಯ ಬೇಡಿಕೆಯೇ ಕೃತಕ ಬುದ್ಧಿಮತ್ತೆಯಿಂದ ರಕ್ಷಣೆ. ಅವರ ಬೆನ್ನಿಗೆ ಸಂಘವಿದೆ. ನನ್ನಂತೆ ಒಂಟಿಯಾಗಿ ಕೋಣೆಯಲ್ಲಿ ಕುಳಿತು ಓದುವವರ ಕೈಯಲ್ಲಿರುವುದು ಆ ಒಂದು ಪುಟ. ಅದನ್ನು ಈಗ ಹೊಸಬರು ಯಾರು ಕೇಳಿದರೂ ಕೊಡುತ್ತೇನೆ, ಬರೆದು ತಿದ್ದಿಕೊಳ್ಳಿ ಎನ್ನುತ್ತೇನೆ.

ದರ ಹೇಳುವ ಕ್ರಮವನ್ನೂ ಬದಲಾಯಿಸಿದೆ. ಮೊದಲು ನಿಮಿಷಕ್ಕೆ ಇಷ್ಟು ಎನ್ನುತ್ತಿದ್ದೆ. ನಿಮಿಷದ ಲೆಕ್ಕದಲ್ಲಿ ಯಂತ್ರದೊಂದಿಗೆ ಸೆಣಸುವುದು ಆಗದ ಮಾತು. ಈಗ ಬಳಕೆಯನ್ನು ಕೇಳಿ, ಒಂದು ವರ್ಷಕ್ಕೆ ಪರವಾನಗಿ ಎಂದು ದರ ಹೇಳುತ್ತೇನೆ, ಮುಂದುವರಿಸುವುದಾದರೆ ನವೀಕರಿಸಬೇಕು. ವೈದ್ಯರ ಆ ಹನ್ನೆರಡು ನಿಮಿಷಗಳನ್ನು ಕೇಳಿದವರಿಂದ ಬೇರೆ ಕೆಲಸಗಳು ಬಂದವು: ಮಗುವಿಗೆ ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಕೇಳಿಸುವ ಕಥೆ, ವಯಸ್ಸಾದವರಿಗೆ ಶ್ರವಣ ಸಾಧನ ಬಳಸುವ ವಿವರಣೆ, ಎರಡು ಆಡಿಯೊ ಪುಸ್ತಕ. ಒಂದು ಗಂಟೆಯ ಆಡಿಯೊ ಪುಸ್ತಕಕ್ಕೆ ಓದು, ತಿದ್ದುಪಡಿ, ಸಂಕಲನ ಎಲ್ಲ ಸೇರಿ ನನಗೆ ಆರು ಗಂಟೆ ಹಿಡಿಯುತ್ತದೆ. ಕೆಲಸಗಳ ಸಂಖ್ಯೆ ಮೊದಲಿನಷ್ಟಿಲ್ಲ. ಆದಾಯ ಎರಡನೆಯ ವರ್ಷಕ್ಕೆ ಹಳೆಯ ಮಟ್ಟಕ್ಕೆ ಬಂತು, ಈಗ ಅದಕ್ಕಿಂತ ಸ್ವಲ್ಪ ಮೇಲಿದೆ.

ಕಳೆದ ತಿಂಗಳು ಆ ವೈದ್ಯರಿಂದ ಪತ್ರ ಬಂತು. ಪರವಾನಗಿ ನವೀಕರಿಸಬೇಕು, ಜೊತೆಗೆ ಒಂದು ಸಾಲು ಸೇರಿಸಬೇಕು, ಯಾವಾಗ ಬಿಡುವಿದೆ ಎಂದು ಕೇಳಿದ್ದರು. ಸಾಲು ಇದು: “ದೂರದಲ್ಲಿರುವವರು ಮಾತನಾಡಬೇಕೆಂದರೆ, ಫೋನನ್ನು ರೋಗಿಯ ಕಿವಿಯ ಬಳಿ ಹಿಡಿಯಬಹುದೇ ಎಂದು ನರ್ಸ್ ಅವರನ್ನು ಕೇಳಿ.”

ಹಳೆಯ ರೆಕಾರ್ಡಿಂಗಿಗೆ ಹೊಸ ಸಾಲು ಹೊಂದಿಸುವುದು ನಾಜೂಕಿನ ಕೆಲಸ. ದನಿಗೂ ವಯಸ್ಸಾಗಿರುತ್ತದೆ. ಆಗ ರೆಕಾರ್ಡ್ ಮಾಡಿದ್ದು ಸಂಜೆ, ಹಾಗಾಗಿ ಸಂಜೆ ನಾಲ್ಕರವರೆಗೆ ಕಾದೆ. ಅದೇ ಮೈಕನ್ನು ಹೊರತೆಗೆದು ಒಂದು ಗೇಣು ದೂರ ಅಳೆದೆ. ಫ್ಯಾನು ನಿಲ್ಲಿಸಿದೆ. ಹಳೆಯ ಫೈಲನ್ನು ಒಂಬತ್ತನೆಯ ನಿಮಿಷದಿಂದ ಓಡಿಸಿದೆ. ಮೊದಲು ಉಸಿರು, ಆಮೇಲೆ ‘ರೋಗಿಗೆ ನಿಮ್ಮ ಮಾತು’. ಎರಡು ಸಲ ಕೇಳಿ, ಅಷ್ಟೇ ಉಸಿರು ಎಳೆದುಕೊಂಡು ಓದತೊಡಗಿದೆ.