ಮೆಕ್ಕೆಜೋಳ ಬರುವಷ್ಟರಲ್ಲಿ ಸರ್ವರ್ ಕೆಲಸ

ದಾವಣಗೆರೆ ಎಪಿಎಂಸಿಯ ಮಂಡಿಯೊಂದರ ಬಿಲ್ಲಿಂಗ್ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಇನ್ನೂ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್‌ನ 20.04 ಆವೃತ್ತಿ ಇದೆ. ಅದರ ಮಾಮೂಲಿ ಸಪೋರ್ಟ್ 2025ರ ಮೇ ತಿಂಗಳಿಗೇ ಮುಗಿದಿದೆ. ಮೆಕ್ಕೆಜೋಳದ ಆವಕ ಶುರುವಾಗುವ ಮೊದಲೇ ಅಪ್‌ಗ್ರೇಡ್ ಮುಗಿಸಬೇಕು.

ನೇರವಾಗಿ 24.04ಕ್ಕೆ ಹೋಗಲು ಆಗುವುದಿಲ್ಲ. ಮೊದಲು 22.04, ಆಮೇಲೆ 24.04. ನನಗೆ ಜಾಸ್ತಿ ಚಿಂತೆ ಪಿಎಚ್‌ಪಿಯದು, ಅಂದರೆ ಬಿಲ್ಲಿಂಗ್ ಕೋಡ್ ಬರೆದಿರುವ ಪ್ರೋಗ್ರಾಮಿಂಗ್ ಭಾಷೆಯದು. 7.4 ಇದ್ದದ್ದು 8.1 ಆಗಿ, ಕೊನೆಗೆ 8.3 ಆಗುತ್ತದೆ. ಹಳೇ ಬಿಲ್ಲಿಂಗ್ ಕೋಡ್ ಮುಗ್ಗರಿಸಿದರೆ ಅಲ್ಲೇ. ಅದಕ್ಕೇ ಸರ್ವರಿನ ನಕಲೊಂದನ್ನು ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗೇ ಸಾಫ್ಟ್‌ವೇರ್‌ನಿಂದ ನಡೆಯುವ ಇನ್ನೊಂದು ಕಂಪ್ಯೂಟರ್) ಹಾಕಿ, ಮೊದಲು ಅದನ್ನು ಪೂರ್ತಿ ಅಪ್‌ಗ್ರೇಡ್ ಮಾಡುತ್ತೇನೆ. ಹಳೇ ಬಿಲ್ಲುಗಳನ್ನು ಮತ್ತೆ ತೆಗೆದು ಮೊತ್ತ ತಾಳೆ ನೋಡುತ್ತೇನೆ. ಬ್ಯಾಕಪ್ ಇದ್ದರೆ ಸಾಲದು, ಒಮ್ಮೆ ರಿಸ್ಟೋರ್ ಮಾಡಿ ನೋಡಿರಬೇಕು ಅಲ್ವಾ?

ಆ ಡಿಸ್ಕಿನಲ್ಲಿ ಇರುವುದು ಜಗಳೂರು, ಹರಪನಹಳ್ಳಿ ಕಡೆಯ ರೈತರ ತೂಕ, ದರ, ಬರಬೇಕಾದ ಹಣ. ಒಂದು ಸಾಲು ಕಳೆದರೂ ಯಾರದೋ ಮನೆಯ ವರ್ಷದ ಲೆಕ್ಕ ತಪ್ಪುತ್ತದೆ. ಅದು ನೆನಪಾದಾಗ ಅವಸರ ಮಾಡಲು ಮನಸ್ಸೇ ಬರುವುದಿಲ್ಲ.

ಭಾನುವಾರ ಮಂಡಿಗೆ ರಜೆ. ಶನಿವಾರ ರಾತ್ರಿ ಕೊನೆಯ ಬಿಲ್ ಆದ ಮೇಲೆ ಶುರು. ಅಷ್ಟರೊಳಗೆ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಬೇಕು. ಅಪ್‌ಗ್ರೇಡ್ ನಡುವೆ ಕರೆಂಟ್ ಹೋಗಬಾರದು.