ಒಂದು ಭಾನುವಾರ ಪಾರ್ಲರಿನಲ್ಲಿ ನಿಂತು ನೋಡಿದ್ದು

ಬಿ.ಕಾಂ. ಮುಗಿಸಿ ಮೈಸೂರಿನಲ್ಲಿ ಒಬ್ಬ ಆಡಿಟರ್ ಹತ್ತಿರ ಕೆಲಸಕ್ಕೆ ಸೇರಿದವಳು ನಾನು. ಕೆಲಸ ಕೆಟ್ಟದ್ದೇನಲ್ಲ. ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್, ಮಾರ್ಚ್ ಬಂತೆಂದರೆ ರಾತ್ರಿಯವರೆಗೂ ಲೆಕ್ಕ, ಐದನೇ ತಾರೀಕಿಗೆ ತಪ್ಪದೆ ಸಂಬಳ. ಆದರೆ ಮನಸ್ಸು ಮಾತ್ರ ಹಾಸ್ಟೆಲ್ ದಿನಗಳಿಂದಲೂ ಬೇರೆ ಕಡೆಗೇ ಎಳೆಯುತ್ತಿತ್ತು. ರೂಮಿನ ಹುಡುಗಿಯರ ಕೂದಲಿನ ತುದಿ ಸಮ ಮಾಡಿಕೊಡುತ್ತಿದ್ದವಳು ನಾನೇ, ಕಾಲೇಜ್ ಡೇ ದಿನ ಸಾಲಾಗಿ ಕೂರಿಸಿಕೊಂಡು ಜಡೆ ಹಾಕುತ್ತಿದ್ದವಳೂ ನಾನೇ. ಅಕ್ಕನ ಮದುವೆಗೆ ಮೊಗ್ಗಿನ ಜಡೆ ಹೆಣೆದು ಕೂರಿಸಿದ್ದೂ ನಾನೇ. 'ಇದನ್ನೇ ಕಲಿತು ಒಂದು ಪಾರ್ಲರ್ ಇಡಬಾರದಾ' ಎಂದು ಹೇಳದವರಿಲ್ಲ. ಗೆಳತಿಗೆ ಜಡೆ ಹಾಕುವುದೇ ಬೇರೆ, ದುಡ್ಡು ಕೊಟ್ಟು ಕುರ್ಚಿಯಲ್ಲಿ ಕೂತ ಗುರುತಿಲ್ಲದವರ ತಲೆಗೆ ಕತ್ತರಿ ಹಾಕುವುದೇ ಬೇರೆ. ಅದನ್ನು ದಿನವೂ, ಇಪ್ಪತ್ತು ಮೂವತ್ತು ವರ್ಷ, ಹೊಟ್ಟೆಪಾಡಿಗೆಂದು ಮಾಡಬಲ್ಲೆನಾ ಎನ್ನುವುದು ನನಗೆ ಗೊತ್ತಾಗಬೇಕಿತ್ತು.

ಕಲಿಯುವ ದಾರಿಗಳನ್ನು ವಿಚಾರಿಸಿದೆ. ಐಟಿಐಗಳಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ ಕೋರ್ಸ್ ಇದೆ, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ಖಾಸಗಿ ಅಕಾಡೆಮಿಗಳಲ್ಲಿ ಫೀಸು ಲಕ್ಷದ ಮಾತು. ಒಂದು ಕಡೆ ಫೋನೆತ್ತಿದ ಹುಡುಗಿ ನಾನು ಏನು ಓದಿದ್ದೇನೆ, ಫೀಸನ್ನು ಎಷ್ಟು ಕಂತಿನಲ್ಲಿ ಕಟ್ಟುತ್ತೇನೆ ಎಂದೆಲ್ಲ ಕೇಳಿದಳು. ಈ ಕೆಲಸ ನನಗೆ ಒಗ್ಗುತ್ತದೆಯೇ ಎಂದು ಮಾತ್ರ ಕೇಳಲಿಲ್ಲ. ಅದನ್ನು ಕೇಳಿದ್ದು ನಾನು ಯಾವಾಗಲೂ ಹೋಗುವ ಪಾರ್ಲರಿನ ಅಕ್ಕ. 'ಫೀಸು ಕಟ್ಟೋಕೆ ಮುಂಚೆ ಒಂದು ಭಾನುವಾರ ಬಂದು ನನ್ನ ಜೊತೆ ನಿಂತ್ಕೋ. ಬೆಳಗ್ಗೆ ಬಾಗಿಲು ತೆಗೆಯೋದರಿಂದ ರಾತ್ರಿ ಹಾಕೋವರೆಗೂ. ಊಟದ ಹೊತ್ತು ಬಿಟ್ಟರೆ ಕೂರೋ ಹಾಗಿಲ್ಲ, ಕತ್ತರಿ ಮುಟ್ಟೋ ಹಾಗಿಲ್ಲ. ಆಮೇಲೂ ಆಸೆ ಇದ್ದರೆ ಮಾತಾಡೋಣ' ಎಂದರು.

ಭಾನುವಾರವೇ ಏಕೆಂದರೆ ಆ ದಿನವೇ ಜನ ಜಾಸ್ತಿ. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ ಎಂದು ಬಹಳ ಮನೆಗಳಲ್ಲಿ ಕೂದಲು ಕತ್ತರಿಸುವುದಿಲ್ಲ. ಗಂಡಸರ ಸಲೂನ್‌ಗಳಲ್ಲಂತೂ ಬಹಳಷ್ಟು ಮಂಗಳವಾರ ಬಾಗಿಲೇ ತೆಗೆಯುವುದಿಲ್ಲ. ಊರಿಗೆಲ್ಲ ರಜೆ ಇರುವ ದಿನ ಇವರಿಗೆ ಮೈಮುರಿಯುವ ಕೆಲಸ. ಮದುವೆ, ಗೃಹಪ್ರವೇಶ, ನೆಂಟರ ಮನೆ ಊಟ ಎಲ್ಲ ಬರುವುದು ಭಾನುವಾರವೇ ಅಲ್ಲವೇ? ಈ ಕೆಲಸಕ್ಕೆ ಬಂದವರು ಅವೆಲ್ಲವನ್ನೂ ಬಿಡಬೇಕು. ಇದನ್ನು ಯಾವ ಕೋರ್ಸಿನ ಕರಪತ್ರವೂ ಹೇಳುವುದಿಲ್ಲ.

ಅಂದು ನನ್ನ ಮೊದಲ ಕೆಲಸ ತಲೆ ತೊಳೆಯುವುದನ್ನು ನೋಡುವುದು. ನೋಡುವುದಕ್ಕೇನಿದೆ ಎಂದುಕೊಂಡೇ ಬೇಸಿನ್ ಪಕ್ಕ ನಿಂತೆ. ಅಕ್ಕ ಮೊದಲು ನೀರನ್ನು ತನ್ನ ಮಣಿಕಟ್ಟಿನ ಒಳಭಾಗಕ್ಕೆ ಬಿಟ್ಟುಕೊಂಡರು. ಬಂದವರ ಕತ್ತಿನ ಕೆಳಗೆ ಟವೆಲ್ ಮಡಿಸಿಟ್ಟು, ಎಡಗೈಯಲ್ಲಿ ತಲೆಯ ಭಾರ ಹೊತ್ತು, ನಿಧಾನಕ್ಕೆ ಬೇಸಿನ್ನಿನ ಅಂಚಿಗೆ ಇಳಿಸಿದರು. ಹಣೆಯ ಕಡೆ ನೀರು ಹಾಕುವಾಗ ಅಂಗೈಯನ್ನು ಅಡ್ಡ ಹಿಡಿದಿದ್ದರಿಂದ ಮುಖದ ಮೇಲೆ ಒಂದು ಹನಿಯೂ ಬೀಳಲಿಲ್ಲ, ಕಿವಿಯ ಹತ್ತಿರ ಬಂದಾಗ ಕಿವಿಯನ್ನೇ ಬೆರಳಿನಿಂದ ಮಡಚಿ ಹಿಡಿದರು. ಉಗುರು ತಾಕಿಸದೆ, ಬೆರಳ ತುದಿಯ ಮೆತ್ತನೆ ಭಾಗದಿಂದ ಮಾತ್ರ ಉಜ್ಜುತ್ತಿದ್ದರು. ಕತ್ತಿನ ಹಿಂದಿನ ಕುಳಿಯಲ್ಲಿ ನೊರೆ ಉಳಿದರೆ ಆಮೇಲೆ ಕೆರೆತ ಬರುತ್ತದೆಂದು ತಲೆಯನ್ನು ಮತ್ತೆ ಎತ್ತಿ ತೊಳೆದರು. ಅಷ್ಟು ಹೊತ್ತಿಗೆ ಆ ಹೆಂಗಸು ನಿದ್ದೆ ಹೋಗಿದ್ದರು. ಮನೆಯಲ್ಲಿ ಅವರ ತಲೆಯನ್ನು ಯಾರಾದರೂ ಕೊನೆಯ ಸಲ ಹೀಗೆ ಹಿಡಿದದ್ದು ಯಾವಾಗಲೋ.

ಗೋಡೆಯ ಮೇಲಿನ ಫೋಟೋಗಳ ಥರ ಸ್ಟೈಲ್ ಮಾಡುವುದೇ ಈ ಕೆಲಸದ ಜೀವ ಎಂದು ನಾನು ನಂಬಿದ್ದೆ. ಅದೂ ಇದೆ. ಆದರೆ ದಿನದ ಬಹುಪಾಲು ಹೊತ್ತು ಇನ್ನೊಬ್ಬರ ತಲೆಯನ್ನು ಕೈಯಲ್ಲಿ ಹಿಡಿದುಕೊಂಡಿರುವುದೇ ಕೆಲಸ. ಬೇರೆಯವರ ಬೆವರು, ಎಣ್ಣೆ, ಹೊಟ್ಟು, ಬಿಸಿಯನ್ನು ಮುಟ್ಟಲು ಮನಸ್ಸು ಒಪ್ಪದಿದ್ದರೆ ಎಂಥ ಕಲೆಗಾರಿಕೆ ಇದ್ದರೂ ಇಲ್ಲಿ ಉಳಿಯಲಾಗದು ಎಂದು ನನಗೆ ಅನ್ನಿಸಿದ್ದು ಆ ಬೇಸಿನ್ ಪಕ್ಕದಲ್ಲೇ.

ಹನ್ನೊಂದರ ಹೊತ್ತಿಗೆ ಒಬ್ಬ ಕಾಲೇಜು ಹುಡುಗಿ ಬಂದಳು. ಮೊಬೈಲಿನಲ್ಲಿದ್ದ ನಟಿಯ ಫೋಟೋ ತೋರಿಸಿ, ಹಣೆಯ ಮೇಲೆ ಹೀಗೇ ಬ್ಯಾಂಗ್ಸ್ ಬರಬೇಕು ಎಂದಳು. ಫೋಟೋದ ಕೂದಲು ನೇರ, ಹುಡುಗಿಯದು ದಟ್ಟ ಗುಂಗುರು. ಆಗಲ್ಲ ಎನ್ನದೆ ಅಕ್ಕ ಒಂದು ಎಳೆ ಕೂದಲನ್ನು ಒದ್ದೆ ಮಾಡಿ ಮೂಗಿನವರೆಗೆ ಎಳೆದು ತೋರಿಸಿ, ಕೈಬಿಟ್ಟರು. ಅದು ಹಣೆಯ ಮಧ್ಯಕ್ಕೆ ಜಿಗಿದು ಕೂತಿತು. 'ಒಣಗಿದ ಮೇಲೆ ಇನ್ನೂ ಮೇಲಕ್ಕೆ ಹೋಗುತ್ತೆ ಪುಟ್ಟಿ. ಈಗ ಹುಬ್ಬಿನ ಹತ್ತಿರ ಕತ್ತರಿಸಿದ್ರೆ ನಾಳೆ ಕನ್ನಡಿ ಮುಂದೆ ಅಳ್ತೀಯ. ಕೆನ್ನೆಯಷ್ಟು ಉದ್ದ ಬಿಡ್ತೀನಿ, ಒಣಗಿದ ಮೇಲೆ ನೋಡಿ ಬೇಕಾದರೆ ಇನ್ನಷ್ಟು ತೆಗೆಯೋಣ.' ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುವ ಕೂದಲು ಅದು, ಕತ್ತರಿಸಿದ ಮೇಲೆ ಅಂಟಿಸಲಾಗದು. ಲೆಕ್ಕದಲ್ಲಿ ತಪ್ಪಾದರೆ ರಿವೈಸ್ಡ್ ರಿಟರ್ನ್ ಹಾಕಿ ಅಭ್ಯಾಸವಾದ ನನಗೆ ಎದೆ ಸ್ವಲ್ಪ ಡವಗುಟ್ಟಿತು.

ಕತ್ತರಿಸುವಾಗ ಅಕ್ಕನ ಬಲಗೈಯನ್ನೇ ನೋಡುತ್ತಿದ್ದೆ. ಕತ್ತರಿಯ ಒಂದು ಬಳೆಯಲ್ಲಿ ಉಂಗುರದ ಬೆರಳು, ಇನ್ನೊಂದರಲ್ಲಿ ಹೆಬ್ಬೆರಳಿನ ತುದಿ ಮಾತ್ರ. ಒಂದು ಅಲಗು ಅಲುಗುವುದೇ ಇಲ್ಲ, ಹೆಬ್ಬೆರಳು ಆಡಿಸುವ ಅಲಗು ಮಾತ್ರ ಬಾಯಿ ತೆರೆದು ಮುಚ್ಚುತ್ತದೆ. ಬಾಚುವ ಹೊತ್ತಿಗೆ ಹೆಬ್ಬೆರಳು ಕಳಚಿ ಕತ್ತರಿಯನ್ನು ಅಂಗೈಗೆ ಮಡಚಿಕೊಂಡು, ಅದೇ ಕೈಯಲ್ಲಿ ಬಾಚಣಿಗೆ ಹಿಡಿಯುತ್ತಾರೆ. ಎಡಗೈ ಬೆರಳುಗಳ ನಡುವೆ ಕೂದಲು ಹಿಡಿದು ಎಷ್ಟು ಮೇಲಕ್ಕೆ ಎತ್ತುತ್ತಾರೋ ಅದರ ಮೇಲೆ ಕಟ್ ನಿಂತಿದೆ. ಎತ್ತದೆ ಕೆಳಗೇ ಬಿಟ್ಟು ಕತ್ತರಿಸಿದರೆ ತುದಿ ಒಂದೇ ಗೆರೆ. ತಲೆಯಿಂದ ತೊಂಬತ್ತು ಡಿಗ್ರಿ ಎತ್ತಿ ಕತ್ತರಿಸಿದರೆ ಸುತ್ತಲೂ ಒಂದೇ ಅಳತೆಯ ಲೇಯರ್. ಮುಗಿದ ಮೇಲೆ ಉದ್ದಕ್ಕೆ ಕತ್ತರಿಸಿದ್ದನ್ನು ಅಡ್ಡಕ್ಕೆ ಎತ್ತಿ ಹಿಡಿದು ಎಲ್ಲಿ ಹೆಚ್ಚುಕಡಿಮೆ ಉಳಿದಿದೆ ಎಂದು ನೋಡಿದರು. ಟ್ಯಾಲಿ ಆಗುತ್ತದೆಯೇ ಎಂದು ನೋಡುವ ಈ ಕೆಲಸ ನನ್ನ ಮನಸ್ಸಿಗೆ ಬಹಳ ಹಿಡಿಸಿತು.

ಮಧ್ಯಾಹ್ನದ ಊಟಕ್ಕೆ ಪಕ್ಕದಲ್ಲೇ ಇರುವ ಗಂಡಸರ ಸಲೂನಿನಿಂದ ಅಕ್ಕನ ಅಣ್ಣ ಬಂದರು. ಸವಿತಾ ಸಮಾಜದವರು, ತಲೆತಲಾಂತರದಿಂದ ಇದೇ ಕಸುಬು. ಇವರ ತಂದೆ ಹಳ್ಳಿಯಲ್ಲಿ ಮನೆಮನೆಗೆ ಹೋಗಿ ಕ್ಷೌರ ಮಾಡುತ್ತಿದ್ದರಂತೆ. ಸುಗ್ಗಿಯಲ್ಲಿ ಆಯದ ರಾಗಿ, ಭತ್ತ ಸಿಗುತ್ತಿತ್ತು, ಮದುವೆಗಳಲ್ಲಿ ಓಲಗ ಊದುತ್ತಿದ್ದರು. ನಮ್ಮ ಊರಿನಲ್ಲೂ ಹಾಗೇ ಇತ್ತು. ಅಜ್ಜನಿಗೆ ಕ್ಷೌರ ಮಾಡಲು ಬರುತ್ತಿದ್ದವರು ಜಗಲಿಯ ಕೆಳಗೇ ಇರುತ್ತಿದ್ದರು, ಒಳಗೆ ಬಾ ಎಂದು ಯಾರೂ ಕರೆದದ್ದನ್ನು ನಾನು ನೋಡಿಲ್ಲ. ಮಕ್ಕಳ ಚೌಲಕ್ಕೆ ಅವರೇ ಬೇಕು, ಶುಭಕ್ಕೆ ಊದಲು ಅವರ ಓಲಗವೇ ಬೇಕು. ಅವರು ಮುಟ್ಟಿ ಹೋದ ಮೇಲೆ ಅಜ್ಜನಿಗೆ ಸ್ನಾನವೂ ಬೇಕು.

ನಾನು ಈ ಕೆಲಸಕ್ಕೆ ಸೇರುವ ಮಾತೆತ್ತಿದಾಗ ಅಪ್ಪ 'ನಮ್ಮಲ್ಲಿ ಯಾರೂ ಮಾಡದ ಕೆಲಸ' ಎಂದಿದ್ದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ಹೇಳುವುದು ಬೇಕಿರಲೂ ಇಲ್ಲ. ಊಟದ ನಡುವೆ ಈ ವಿಷಯ ಬಂದಾಗ ಅಕ್ಕನ ಅಣ್ಣ ತಟ್ಟೆಯಿಂದ ತಲೆ ಎತ್ತದೆಯೇ ಹೇಳಿದರು: 'ನೀವು ಕಲಿತು ಅಂಗಡಿ ಇಟ್ಟರೆ ಎಷ್ಟು ಧೈರ್ಯ ನೋಡು ಅಂತಾರಮ್ಮ. ನನ್ನ ಮಗ ಇದೇ ಅಂಗಡಿಯಲ್ಲಿ ನಿಂತರೆ ಹೆಣ್ಣು ಕೊಡೋರು ಹಿಂದೆಮುಂದೆ ನೋಡ್ತಾರೆ. ಅದಕ್ಕೇ ಅವನು ಡಿಪ್ಲೊಮಾ ಮಾಡ್ತೀನಿ ಅಂದಾಗ ಸರಿ ಅಂದುಬಿಟ್ಟೆ.' ಅವರ ಮಾತಿನಲ್ಲಿ ಕೋಪವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ತಟ್ಟಿತು. ಈ ಕೆಲಸ ನನಗೆ ಒಂದು ಆಯ್ಕೆ. ಅವರ ಮನೆಯಲ್ಲಿ ಅದು ಅವಮಾನವನ್ನೂ ಅನ್ನವನ್ನೂ ಒಟ್ಟಿಗೇ ಕೊಟ್ಟಿದೆ. ನಾನು ಇದನ್ನು ಕಲಿಯುವುದಾದರೆ ಅವರಿಂದಲೇ, ಅವರ ಕೈಕೆಳಗೇ ಕಲಿಯಬೇಕು, ಯಾರಿಂದ ಕಲಿತೆ ಎಂದು ಕೇಳಿದವರಿಗೆಲ್ಲ ಹೇಳಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕ್ಷೌರಿಕರದೂ ಒಂದು. ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಶೇ. 5ರ ಬಡ್ಡಿಗೆ ಸಾಲ. ಅದಕ್ಕೆ ಅರ್ಜಿ ಹಾಕಿದ್ದೇನೆ ಎಂದು ಅಣ್ಣ ಹೇಳಿದರು. ಲೆಕ್ಕದ ಕಾಗದಗಳನ್ನು ನೋಡಿಕೊಡುತ್ತೇನೆ ಎಂದೆ. ಆ ದಿನ ನನ್ನ ಕೈಯಿಂದ ಅವರಿಗೆ ಆಗಬಹುದಾಗಿದ್ದು ಅದೊಂದೇ.

ಮೂರು ಗಂಟೆಯ ಮೇಲೆ ಒಬ್ಬ ತಾಯಿ ಆರೇಳು ವರ್ಷದ ಮಗಳನ್ನು ಕರೆತಂದರು. ಕತ್ತಿನ ಹಿಂದಿನ ಕೂದಲನ್ನು ಕ್ಲಿಪ್ ಹಾಕಿ ಎತ್ತಿದ ಅಕ್ಕ ಒಂದು ಕ್ಷಣ ತಡೆದು ನನ್ನನ್ನು ಕಣ್ಣಲ್ಲೇ ಕರೆದರು. ಕಿವಿಯ ಹಿಂದೆ, ಬುಡಕ್ಕೆ ಹತ್ತಿರ, ಬಿಳಿ ಚುಕ್ಕೆಗಳು. ಹೊಟ್ಟಾದರೆ ಬೆರಳಿಂದ ತಳ್ಳಿದರೆ ಉದುರುತ್ತದೆ, ಇವು ಕೂದಲಿಗೆ ಕಚ್ಚಿಕೊಂಡಿದ್ದವು. ಸೀರು. ಕೆಳಗೆ ಒಂದು ಹೇನೂ ಹರಿಯುತ್ತಿತ್ತು. ಇನ್ನೂ ಇಬ್ಬರು ಗಿರಾಕಿಗಳು ಕೂತಿದ್ದರು. ಅಕ್ಕ ಏನೂ ಆಗದವರಂತೆ 'ಒಂದು ನಿಮಿಷ ಬನ್ನಿ ಮೇಡಂ' ಎಂದು ತಾಯಿಯನ್ನು ಒಳಗಿನ ಕೋಣೆಗೆ ಕರೆದೊಯ್ದು, ಮೆಲ್ಲಗೆ ಹೇಳಿದರು: 'ಸ್ಕೂಲಿಗೆ ಹೋಗೋ ಮಕ್ಕಳಿಗೆಲ್ಲ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಮೆಡಿಕಲ್ಲಿನಲ್ಲಿ ಲೋಷನ್ ಸಿಗುತ್ತೆ, ಹಾಕಿ ಸೀರಣಿಗೆಯಲ್ಲಿ ಬಾಚಿ. ವಾರ ಬಿಟ್ಟು ಇನ್ನೊಂದು ಸಲ. ಆಮೇಲೆ ಕರ್ಕೊಂಡು ಬನ್ನಿ, ಚೆಂದ ಕಟ್ ಮಾಡ್ತೀನಿ.'

ಮಗು ನನ್ನ ಜೊತೆ ಕುರ್ಚಿಯಲ್ಲೇ ಇತ್ತು. ತನ್ನ ತಲೆಯಲ್ಲಿ ಏನೋ ಇದೆ, ಅದಕ್ಕೇ ದೊಡ್ಡವರು ಒಳಗೆ ಹೋದರು ಎಂದು ಅದಕ್ಕೆ ಗೊತ್ತಾಗಿಬಿಟ್ಟಿತ್ತು, ಕಣ್ಣು ತುಂಬಿಕೊಂಡಿತ್ತು. ಎತ್ತಿ ಕಟ್ಟಿದ್ದ ಕೂದಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಚ್ಚಿ, ಕೂದಲನ್ನು ಬೆರಳಿನಿಂದಲೇ ಸರಿಮಾಡಿ, ಎರಡು ಜಡೆ ಹಾಕಿದೆ. ಎರಡನೆಯ ಜಡೆಗೆ ರಬ್ಬರ್ ಬ್ಯಾಂಡ್ ಸುತ್ತುವಾಗಷ್ಟೇ, ಅಸಹ್ಯ ಎನ್ನುವುದು ನನ್ನ ಮನಸ್ಸಿನ ಹತ್ತಿರಕ್ಕೂ ಬರಲಿಲ್ಲವಲ್ಲ ಎಂದು ಹೊಳೆಯಿತು. ಮಗು ಕನ್ನಡಿಯಲ್ಲಿ ನೋಡಿಕೊಂಡು ಮೂಗು ಒರೆಸಿಕೊಂಡಿತು. ಇಷ್ಟು ದಿನ ಯಾರನ್ನು ಕೇಳಿದರೂ ಸಿಗದಿದ್ದ ಉತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ನನಗೆ ಅಲ್ಲಿ ಸಿಕ್ಕಿತು.

ಅವರು ಹೋದ ಮೇಲೆ ಅಕ್ಕ ಆ ಬಾಚಣಿಗೆ, ಕ್ಲಿಪ್ಪುಗಳನ್ನು ಸುಡುವ ಬಿಸಿನೀರಿಗೆ ಹಾಕಿದರು, ಟವೆಲನ್ನು ಬೇರೆ ಬುಟ್ಟಿಗೆ ಎಸೆದರು, ಕುರ್ಚಿ ಒರೆಸಿದರು. ಅದು ಮುಗಿಯುವವರೆಗೆ ಮುಂದಿನವರನ್ನು ಕೂರಿಸಲಿಲ್ಲ.

ಸಂಜೆ ಒಂದು ವ್ಯಾಪಾರ ಅವರಾಗೇ ಬಿಟ್ಟದ್ದನ್ನೂ ಕಂಡೆ. ಮರುದಿನ ನಾಮಕರಣವಿದೆ, ಇವತ್ತೇ ಬಣ್ಣ ಹಚ್ಚಿ ಎಂದು ಒಬ್ಬರು ಬಂದರು. ಮೊದಲ ಸಲ ಹಚ್ಚಿಸಿಕೊಳ್ಳುವವರು. ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಒಗ್ಗುವುದಿಲ್ಲ, ಮುಖ ಊದಿಕೊಳ್ಳುವಷ್ಟು ಅಲರ್ಜಿ ಆಗಬಹುದು. ಅದಕ್ಕೇ 48 ಗಂಟೆ ಮುಂಚೆ ಕಿವಿಯ ಹಿಂದೆ ಚೂರು ಹಚ್ಚಿ ನೋಡಬೇಕು. ಅಕ್ಕ ಒಪ್ಪಲಿಲ್ಲ. ಅವರು ಮುಖ ಗಂಟಿಕ್ಕಿಕೊಂಡು ಬೇರೆ ಕಡೆ ಹೊರಟರು. ಬೇರೆ ಕಡೆ ಹಚ್ಚಿಕೊಟ್ಟಿರಲೂಬಹುದು. ಆ ದಿನದ ದೊಡ್ಡ ಬಿಲ್ ಅದಾಗುತ್ತಿತ್ತು.

ಏಳು ಗಂಟೆಗೆ ನನ್ನ ಕಾಲು ಮರಗಟ್ಟಿ ಹೋಗಿತ್ತು. ಸೊಂಟದಿಂದ ಹಿಮ್ಮಡಿಯವರೆಗೆ ಒಂದೇ ನೋವು. ಅಕ್ಕ ಸೀರೆಯ ಅಂಚು ಸರಿಸಿ ತಮ್ಮ ಕಾಲು ತೋರಿಸಿದರು. ಮೀನಖಂಡದ ಮೇಲೆ ನೀಲಿ ನರ ಗಂಟುಗಂಟಾಗಿ ಉಬ್ಬಿತ್ತು, ಅದಕ್ಕೆ ಡಾಕ್ಟರು ಬಿಗಿಯಾದ ಕಾಲುಚೀಲ ಕೊಟ್ಟಿದ್ದಾರೆ. ಬೆರಳುಗಳ ಸಂದು ಶಾಂಪೂ ನೀರಿಗೆ ಒಡೆದಿತ್ತು. 'ಗ್ಲೌಸು ಹಾಕ್ಕೊಂಡು ಶುರು ಮಾಡು, ನಮ್ಮ ಕಾಲದಲ್ಲಿ ಯಾರೂ ಹೇಳಲಿಲ್ಲ' ಎಂದರು. ಲೆಕ್ಕದವಳಾದ್ದರಿಂದ ಆದಾಯದ ಮಾತನ್ನೂ ಕೇಳಿದೆ, ಅವರೂ ಮುಚ್ಚುಮರೆ ಮಾಡಲಿಲ್ಲ. ಮದುವೆಯ ತಿಂಗಳುಗಳಲ್ಲಿ ಕೈತುಂಬ, ಆಷಾಢದಲ್ಲಿ ಬಾಡಿಗೆ ಹುಟ್ಟಿದರೆ ಹೆಚ್ಚು. ಕಲಿಯಲು ಬಂದವರಿಗೆ ಮೊದಲ ವರ್ಷ ಸಿಗುವುದು ನನ್ನ ಈಗಿನ ಸಂಬಳದ ಅರ್ಧವೂ ಆಗದು.

ಇಷ್ಟೆಲ್ಲ ನೋಡಿಯೂ ನನಗೆ ಮರುದಿನ ಅಲ್ಲಿಗೇ ಹೋಗಬೇಕು ಎನ್ನಿಸಿತು. ಆಫೀಸಿನಲ್ಲಿ ಎಂಟು ಗಂಟೆ ಕೂತೆದ್ದಾಗಿನ ದಣಿವೂ ಇದೂ ಒಂದೇ ಅಲ್ಲ, ಇಲ್ಲಿ ಮೈ ಸೋತಿತ್ತು, ತಲೆ ಎಚ್ಚರವಾಗಿತ್ತು. ಆದರೆ ಕೆಲಸ ಬಿಡುವ ಧೈರ್ಯ ಒಂದು ಭಾನುವಾರದಿಂದ ಬರುವಂಥದ್ದಲ್ಲ, ಬರಬಾರದು ಕೂಡ. ಒಂದು ವರ್ಷಕ್ಕಾಗುವಷ್ಟು ಖರ್ಚು ಕೂಡಿಡಬೇಕು, ತಂಗಿಯ ಫೀಸಿನ ಕೊನೆಯ ಕಂತು ಬಾಕಿಯಿದೆ. ಮಾರ್ಚ್ ಲೆಕ್ಕ ಮುಗಿಯುವವರೆಗೆ ಭಾನುವಾರಗಳಲ್ಲಿ ಬರುತ್ತೇನೆ, ಆಮೇಲೆ ಪೂರ್ತಿ ಸೇರುತ್ತೇನೆ ಎಂದು ಅಕ್ಕನಿಗೆ ಹೇಳಿದ್ದೇನೆ. ಮೊದಲು ತೊಳೆಯುವುದು, ಗುಡಿಸುವುದು, ಒಣಗಿಸುವುದು ಮಾತ್ರ, ಡಮ್ಮಿ ತಲೆಯ ಮೇಲೆ ಕೈ ಪಳಗಿದ ಮೇಲೇ ಮನುಷ್ಯರ ತಲೆ ಎಂದು ಅವರ ಷರತ್ತು. ಅಪ್ಪ ಇನ್ನೂ ಹೂಂ ಅಂದಿಲ್ಲ. ಮುಂದಿನ ಸಲ ಅವರು ಮೈಸೂರಿಗೆ ಬಂದಾಗ ಕ್ಷೌರಕ್ಕೆಂದು ಪಕ್ಕದ ಸಲೂನಿಗೇ ಕರೆದುಕೊಂಡು ಹೋಗಿ, ಇವರು ನನ್ನ ಗುರುಗಳ ಅಣ್ಣ ಎಂದು ಪರಿಚಯ ಮಾಡಿಸಬೇಕೆಂದಿದ್ದೇನೆ.